ಬಿಸಿಯಾದಾಗ ಬೀಳುವ ಮುಳ್ಳು

ಕರೆಂಟಕ್ಕ ಬ್ಯಾಟರಿಯಿಂದ ಎರಡು ವೈರ್ ಎಳೆದು ಮೋಟಾರಿಗೆ ತಾಗಿಸಿದ್ದೇ ತಡ, ಕಾರಿನ ಎಂಜಿನ್ ತಣಿಸುವ ಫ್ಯಾನು ಗಿರ್ರನೆ ತಿರುಗಿ ಮ್ಯಾನೇಜರನ ಟೈಯನ್ನು ಹೆಗಲ ಮೇಲೆ ಹಾರಿಸಿತು.

"ಫ್ಯಾನ್ ಸರಿ ಇದೆ ತಾನೆ?" ಟೈ ಸರಿಮಾಡಿಕೊಳ್ಳುತ್ತ ಕೇಳಿದ.

"ಸರಿ ಇದೆ," ಅಂದಳು ಕರೆಂಟಕ್ಕ.

"ಫ್ಯೂಸು? ರಿಲೇ?"

"ಅವೂ ಸರಿ ಇವೆ."

"ಅಂದ್ರೆ ಕಾರು ಸರಿ ಇದೆ. ಓಡಿಸಿದೋನು ಸರಿ ಇಲ್ಲ."

ಅಂಗಳದಲ್ಲಿ ನಿಂತಿದ್ದ ಡ್ರೈವರುಗಳೆಲ್ಲ ತಮ್ಮ ತಮ್ಮ ಚಪ್ಪಲಿ ನೋಡಿಕೊಂಡರು. ಓಡಿಸಿದವನು ಅವರ ನಡುವೆಯೇ ಇದ್ದ. ಯಾವತ್ತೂ ಗಾಡಿ ಓಡಿಸಿ ಗೊತ್ತೇ ಹೊರತು ಹಾರಿಸಿ ಗೊತ್ತಿಲ್ಲದ್ದಕ್ಕೆ ಅವನಿಗೆ ನಿಧಾನಪ್ಪ ಅಂತ ಹೆಸರು. ಹಿಂದಿನ ದಿನ ಸೇತುವೆಯ ಮೇಲೆ ಅವನ ಕಾರು ಕುದ್ದು, ಬಾನೆಟ್ಟಿನಿಂದ ಹಬೆ ಎದ್ದು, ಎಂಜಿನ್ನಿನ ಗ್ಯಾಸ್ಕೆಟ್ ಸುಟ್ಟಿತ್ತು. ಕಚೇರಿಗಳಿಗೆ ಕಾರು ಒದಗಿಸುವ ಆ ಕಂಪನಿಯಲ್ಲಿ ಸೀಟಿನ ಬಟ್ಟೆ ಮಾತ್ರ ಹೊಸದು, ಕಾರುಗಳೆಲ್ಲ ಮುದಿ. ಅವು ಕೆಟ್ಟರೆ ತಪ್ಪು ಯಾವಾಗಲೂ ಮನುಷ್ಯನದೇ. ಕಾರನ್ನು ಕೆಲಸದಿಂದ ತೆಗೆದರೆ ಇನ್ನೊಂದು ಕೊಳ್ಳಬೇಕು. ಮನುಷ್ಯರಾದರೆ ಗೇಟಿನ ಹೊರಗೆ ಕಾದು ನಿಂತಿರುತ್ತಾರೆ.

"ಡ್ಯಾಶ್‌ಬೋರ್ಡಿನ ಮುಳ್ಳು ಮೇಲೇರಲೇ ಇಲ್ಲ ಸಾರ್," ಅಂದ ನಿಧಾನಪ್ಪ. "ಮೇಲೇರಿದ್ರೆ ನಿಲ್ಲಿಸ್ತಿರಲಿಲ್ವಾ? ಸಿಗ್ನಲ್‌ನಲ್ಲಿ ನಿಂತಾಗೆಲ್ಲ ದಬಕ್ಕನೆ ಕೆಳಗೆ ಬೀಳ್ತಿತ್ತು."

"ಎಂಜಿನ್ ಕುದೀವಾಗ ಬಿಸಿ ತೋರಿಸೋ ಮುಳ್ಳು ಕೆಳಗೆ ಬೀಳುತ್ತಾ? ನಿನಗೆ ಜ್ವರ ಬಂದ್ರೆ ಮೈ ತಣ್ಣಗಾಗುತ್ತಾ? ಕಥೆ ಕಟ್ಟೋಕೂ ತಲೆ ಬೇಕು. ಕಣ್ಣಿದ್ದೂ ಕುರುಡ ನೀನು. ಕೀ ಕೊಡು. ಸಂಜೆ ಬಂದು ಯೂನಿಫಾರ್ಮ್ ಒಪ್ಪಿಸಿ ಹೋಗು."

ಯಾರೋ ಕಿಸಕ್ಕನೆ ನಕ್ಕರು. ನಿಧಾನಪ್ಪ ಕೀ ಕೊಟ್ಟ. ಹೋಗುವಾಗ ಕರೆಂಟಕ್ಕನ ಮುಖ ನೋಡಲಿಲ್ಲ. ಅದೇ ಅವಳಿಗೆ ನಾಟಿತು. ಒಂದು ಸಂಸಾರದ ಅನ್ನಕ್ಕೆ ಕಲ್ಲು ಹಾಕಲು ತನ್ನ ಬಾಯಿಂದ ಬಂದ "ಸರಿ ಇದೆ" ಅನ್ನುವ ಮಾತು ಸಾಕಾಯಿತಲ್ಲ.

ಗ್ಯಾರೇಜು ಕಂಪನಿಯ ಅಂಗಳಕ್ಕೆ ಅಂಟಿಕೊಂಡೇ ಇತ್ತು. ಎಂಜಿನ್ ಕೆಲಸ ಅವಳ ಗಂಡನ ಅಣ್ಣನದು, ವೈರಿಂಗ್ ಕೆಲಸ ಅವಳದು. ಮಾವ ಇದ್ದಾಗ ಅವರ ಬೆನ್ನಿಗೆ ಬಿದ್ದು ಕಲಿತ ಕಸುಬು. "ಸೊಸೆಗೆ ಕರೆಂಟು ಹೊಡೆದ್ರೆ ಕರೆಂಟಿಗೇ ಕಷ್ಟ" ಅಂತ ಅವರು ತಮಾಷೆ ಮಾಡಿದ ದಿನದಿಂದ ಊರಿಗೆಲ್ಲ ಅವಳು ಕರೆಂಟಕ್ಕ.

ಊಟದ ಡಬ್ಬಿ ತೆರೆದವಳು ಹಾಗೇ ಮುಚ್ಚಿದಳು.

"ಉಪ್ಪು ಜಾಸ್ತಿಯಾಯ್ತಾ?" ಅಂದ ಭಾವ.

"ಭಾವ, ತಪ್ಪಿಸಿಕೊಳ್ಳೋ ಮನುಷ್ಯ ಎಂಥ ಸುಳ್ಳು ಹೇಳ್ತಾನೆ?"

"ನಂಬೋ ಅಂಥದ್ದು."

"ನಿಧಾನಪ್ಪ 'ನಾನು ನೋಡಿದಾಗ ಮುಳ್ಳು ಅರ್ಧದಲ್ಲಿತ್ತು' ಅಂದಿದ್ರೆ ಮುಗೀತಿತ್ತು. ಕೆಳಗೆ ಬೀಳ್ತಿತ್ತು ಅಂತ, ಎಲ್ಲರೂ ನಗೋ ಅಂಥ ಸುಳ್ಳು ಯಾಕೆ ಹೇಳ್ಬೇಕು?"

"ಅವನಿಗೆ ಸುಳ್ಳು ಹೇಳೋದೂ ನಿಧಾನ," ಅಂದು ಭಾವ ತನ್ನ ಮಾತಿಗೆ ತಾನೇ ನಕ್ಕ. "ಹೋಗ್ಲಿ ಬಿಡು. ಊಟ ಆದ್ಮೇಲೆ ಎಂಜಿನ್ ಬಿಚ್ಬೇಕು."

"ಬಿಚ್ಬೇಡಿ. ಸ್ವಲ್ಪ ತಡೀರಿ."

"ಯಾಕೆ? ಆ ಮ್ಯಾನೇಜರ್ ಕೊಡೋ ಕೆಲಸದಿಂದಲೇ ನಮ್ಮ ಒಲೆ ಉರಿಯೋದು, ನೆನಪಿರಲಿ."

"ಬೆಳಿಗ್ಗೆ ಇನ್ನೊಬ್ಬರ ಒಲೆ ಆರಿಸಿ ಬಂದಿದ್ದೀನಿ ಭಾವ. ಅದೂ ನೆನಪಿದೆ."

ಅವಳು ಕಾರಿನ ಸೀಟಿನಲ್ಲಿ ಕೂತು ಯೋಚಿಸಿದಳು. ಓಡುವ ಕಾರಿಗೆ ಎದುರು ಗಾಳಿಯೇ ಸಾಕು. ನಿಂತಾಗ ಎಂಜಿನ್ನು ಬಿಸಿಯೇರುತ್ತದೆ, ಬಿಸಿಯೇರಿದರೆ ತಾನೇ ಆನ್ ಆಗುವ ರೇಡಿಯೇಟರಿನ ಬಿಸಿ ಸ್ವಿಚ್ಚು ಫ್ಯಾನನ್ನು ಕರೆಯುತ್ತದೆ. ಮುಳ್ಳು ಬೀಳುತ್ತಿದ್ದುದು ನಿಂತಾಗಲೇ. ಅಂದರೆ ಫ್ಯಾನಿಗೆ ಕರೆ ಹೋದ ಗಳಿಗೆಯಲ್ಲೇ. ಹಾಗಾದರೆ ಫ್ಯಾನಿಗೂ ಮುಳ್ಳಿಗೂ ಎಲ್ಲೋ ನಂಟಿದೆ.

ಇಳಿದು ಬೆಳಗಿನ ಪರೀಕ್ಷೆಯನ್ನು ಮನಸ್ಸಿನಲ್ಲಿ ಮತ್ತೆ ಮಾಡಿದಳು. ಒಂದು ವೈರು ಬ್ಯಾಟರಿಯ ಪ್ಲಸ್ಸಿಗೆ, ಇನ್ನೊಂದು ಮೈನಸ್ಸಿಗೆ. ಈ ಕಸುಬಿನಲ್ಲಿ ಎಲ್ಲರೂ ಮಾಡುವುದು ಹಾಗೆಯೇ. ಹಾಗೆ ಯೋಚಿಸುತ್ತಲೇ ತನ್ನ ಹಣೆಗೆ ತಾನೇ ಹೊಡೆದುಕೊಂಡಳು. ಕರೆಂಟು ವೈರಿನಲ್ಲಿ ಹೋಗುತ್ತದೆ, ಬ್ಯಾಟರಿಗೆ ಮರಳುವುದು ಕಾರಿನ ತಗಡಿನ ಮೈ ಹಾದು. ವೈರನ್ನು ತಗಡಿಗೆ ಬೋಲ್ಟಿನಿಂದ ಬಿಗಿಯುವ ಜಾಗವೇ ಅರ್ಥಿಂಗ್. ಕರೆಂಟು ಹೋಗುವ ದಾರಿಯ ಜೊತೆಗೆ ಮರಳುವ ದಾರಿಯನ್ನೂ ಅವಳು ತಾನೇ ಕೈಯಾರೆ ಹಾಸಿಕೊಟ್ಟಿದ್ದಳು. ಫ್ಯಾನು ತಿರುಗದೆ ಏನು ಮಾಡೀತು! ಅವಳು ಪರೀಕ್ಷಿಸಿದ್ದು ಫ್ಯಾನನ್ನು ಮಾತ್ರ. ಕಾರನ್ನು ಪರೀಕ್ಷಿಸಿರಲೇ ಇಲ್ಲ.

ಈ ಸಲ ಬ್ಯಾಟರಿಯಿಂದ ಏನನ್ನೂ ಎಳೆಯಲಿಲ್ಲ. ಕೀ ಆನ್ ಮಾಡಿ, ಬಿಸಿ ಸ್ವಿಚ್ಚಿನ ಕನೆಕ್ಟರ್ ಕಿತ್ತು, ಅದರ ಎರಡು ಬಾಯಿಗೆ ತುಂಡು ವೈರು ಸಿಕ್ಕಿಸಿದಳು. ಫ್ಯಾನಿಗೆ ಕರೆಂಟು ಬಿಡುವ ರಿಲೇ ಟಕ್ ಅಂದಿತು. ಫ್ಯಾನು ಅಲುಗಲಿಲ್ಲ.

"ಭಾವ! ಬನ್ನಿ ಇಲ್ಲಿ, ಮುಳ್ಳು ನೋಡಿ."

ಸಿಕ್ಕಿಸಿದ ತುಂಡನ್ನು ತೆಗೆದು, ಎಂಜಿನ್ನಿನ ಬಿಸಿ ಅಳೆಯುವ ಸೆನ್ಸರಿನ ಎರಡು ವೈರುಗಳನ್ನು ಒಂದಕ್ಕೊಂದು ಸೇರಿಸಿದಳು. ಹಾಗೆ ಸೇರಿಸಿದರೆ ಮುಳ್ಳು ಪೂರ್ತಿ ಮೇಲೇರಬೇಕು.

"ಏರ್ತಿದೆ, ಏರ್ತಿದೆ... ಕೆಂಪಿಗೆ ಹೋಯ್ತು," ಅಂದ ಭಾವ.

"ಈಗ ಫ್ಯಾನ್ ಕರೀತೀನಿ." ತುಂಡು ವೈರನ್ನು ಮತ್ತೆ ಬಿಸಿ ಸ್ವಿಚ್ಚಿನ ಕನೆಕ್ಟರಿಗೆ ಸಿಕ್ಕಿಸಿದಳು.

"ಅಯ್ಯೋ! ಬಿತ್ತಲ್ಲೇ! ಕಲ್ಲು ಬಿದ್ದ ಹಾಗೆ ಬಿತ್ತು!"

ಕರೆಂಟು ಅಳೆಯುವ ವೋಲ್ಟ್ ಮೀಟರಿನ ಒಂದು ಕಡ್ಡಿ ಬ್ಯಾಟರಿಯ ಮೈನಸ್ಸಿಗೆ, ಇನ್ನೊಂದು ಫ್ಯಾನಿನ ಅರ್ಥಿಂಗ್ ವೈರಿನ ತುದಿಗೆ ಇಟ್ಟಳು. ಸೊನ್ನೆ ಇರಬೇಕಾದಲ್ಲಿ ಹೆಚ್ಚುಕಡಿಮೆ ಬ್ಯಾಟರಿಯ ಇಡೀ ವೋಲ್ಟೇಜು ಕೂತಿತ್ತು. ಹೆಡ್‌ಲೈಟಿನ ಹಿಂದೆ, ಕೈ ತೂರಿಸಿದರೆ ತರಚುವಂಥ ಸಂದಿಯಲ್ಲಿ ಆ ಬೋಲ್ಟು. ಫ್ಯಾನಿನ ವೈರೂ ಸೆನ್ಸರಿನ ವೈರೂ ಕಾರಿನ ಮೈಗೆ ಕಚ್ಚಿದ್ದು ಅಲ್ಲೇ. ಅವುಗಳ ಅಡಿಗೆ ಮೂರನೆಯದೊಂದು ತೆಳು ವೈರನ್ನು ಯಾರೋ ತುರುಕಿದ್ದರು. ಬೋಲ್ಟು ಮತ್ತೆ ಬಿಗಿಯಾಗಿ ಕೂತಿರಲಿಲ್ಲ, ತುಕ್ಕೂ ಹಿಡಿದಿತ್ತು. ಫ್ಯಾನಿನ ಕರೆಂಟು ಆ ಸಡಿಲ ಬಾಗಿಲಿಗೆ ಬಂದು ದಾಟಲಾರದೆ ಗುಂಪುಗಟ್ಟುತ್ತಿತ್ತು. ಆ ನೂಕುನುಗ್ಗಲಿನಲ್ಲಿ ಸೆನ್ಸರಿನ ಬಡಪಾಯಿ ಕರೆಂಟಿಗೆ ಜಾಗವಿಲ್ಲದೆ ಮುಳ್ಳು ನೆಲ ಕಚ್ಚುತ್ತಿತ್ತು.

ಆ ತೆಳು ವೈರಿನ ಜಾಡು ಹಿಡಿದು ಅವಳ ಬೆರಳು ಡ್ಯಾಶ್‌ಬೋರ್ಡಿನ ಅಡಿಯವರೆಗೆ ಹೋಯಿತು. ಅಲ್ಲಿ ಪುಟ್ಟದೊಂದು ಕಪ್ಪು ಜಿಪಿಎಸ್ ಪೆಟ್ಟಿಗೆ. ಡ್ರೈವರು ಎಲ್ಲಿ ನಿಂತ, ಎಷ್ಟು ಹೊತ್ತು ನಿಂತ, ಟೀ ಕುಡಿದನೋ ಮೂತ್ರಕ್ಕೆ ಹೋದನೋ ಎಂದು ಕಂಪನಿಗೆ ಚಾಡಿ ಹೇಳಲು ಇತ್ತೀಚೆಗೆ ಎಲ್ಲ ಕಾರಿಗೂ ಕೂರಿಸಿದ್ದು. ಡ್ರೈವರುಗಳು ಅದಕ್ಕೆ ಅತ್ತೆ ಅಂತಲೇ ಹೆಸರಿಟ್ಟಿದ್ದರು.

ಭಾವ ಬಗ್ಗಿ ಆ ಪೆಟ್ಟಿಗೆಯನ್ನು ನೋಡಿದ. "ಹೋಗಿ ಹೇಳು," ಅಂದ. "ಒಲೆ ವಿಷಯ ನಾನು ನೋಡ್ಕೋತೀನಿ."

ಮ್ಯಾನೇಜರನಿಗೆ ಎಲ್ಲವನ್ನೂ ಮಾಡಿ ತೋರಿಸಿದಳು. ಅವನು ದಡ್ಡನಲ್ಲ, ಒಂದೇ ಸಲಕ್ಕೆ ಅರ್ಥಮಾಡಿಕೊಂಡ. ಅರ್ಥವಾದದ್ದರಿಂದಲೇ ಅವನ ದನಿ ಇಳಿಯಿತು.

"ಬೋಲ್ಟ್ ಬಿಗಿ ಮಾಡಿಬಿಡು. ಪೆಟ್ಟಿಗೆ ವಿಷಯ ಎತ್ತಬೇಡ, ಅದು ಮಾಲೀಕರೇ ಹಾಕಿಸಿದ್ದು. ನಿಧಾನಪ್ಪನಿಗೆ ಬರೋಕೆ ಹೇಳು. ಈ ಸಲ ಕ್ಷಮಿಸಿದ್ದೀವಿ ಅಂತ ಹೇಳು."

"ಕ್ಷಮಿಸಿದ್ದೀರಾ? ಏನನ್ನ?"

"ಕೆಲಸ ಸಿಕ್ತಲ್ಲ, ಇನ್ನೇನು ಬೇಕು?"

"ಬೇರೆ ಕಾರುಗಳು? ಎಲ್ಲದರಲ್ಲೂ ಪೆಟ್ಟಿಗೆ ಕೂರಿಸಿದ್ದು ಅದೇ ಕೈ ತಾನೆ? ನಾಳೆ ಇನ್ನೊಂದು ಕುದ್ರೆ ಇನ್ನೊಬ್ಬನ್ನ ಕ್ಷಮಿಸ್ತೀರಾ?"

"ನಿನ್ನ ಕೆಲಸ ವೈರಿಂಗು. ಅಷ್ಟು ನೋಡ್ಕೋ."

"ಅದನ್ನೇ ನೋಡ್ತಿರೋದು."

ಸಂಜೆಯ ಪಾಳಿಗೆ ಅಂಗಳದಲ್ಲಿ ಕಾರುಗಳು ಸಾಲಾಗಿ ನಿಂತಿದ್ದವು. ನಿಧಾನಪ್ಪ ಒಗೆದು ಇಸ್ತ್ರಿ ಮಾಡಿದ ಯೂನಿಫಾರ್ಮನ್ನು ಎದೆಗೆ ಅವುಚಿಕೊಂಡು ಗೇಟಿನೊಳಗೆ ಬಂದ. ವಾಪಸು ಕೊಡುವ ಅಂಗಿಗೂ ಇಸ್ತ್ರಿ ಮಾಡುವ ಮನುಷ್ಯ ಅವನು. ಕರೆಂಟಕ್ಕ ಅಂಗಳದ ನಡುವೆ ನಿಂತು ಗಂಟಲೆತ್ತಿದಳು.

"ಬೆಳಿಗ್ಗೆ ನಾನು ಹೇಳಿದ್ದು ತಪ್ಪು, ಎಲ್ಲರೂ ಕೇಳಿಸ್ಕೊಳ್ಳಿ! ಮುಳ್ಳು ಬೀಳ್ತಿದ್ದದ್ದು ನಿಜ. ಫ್ಯಾನ್ ತಿರುಗ್ತಿರಲಿಲ್ಲ. ಅತ್ತೆ ಪೆಟ್ಟಿಗೆಯ ವೈರನ್ನ ಅರ್ಥಿಂಗ್ ಬೋಲ್ಟಿಗೆ ಹಾಕಿ ಕೆಡಿಸಿದ್ದಾರೆ. ನಿಮ್ಮ ಬಾನೆಟ್ ತೆಗೀರಿ, ಎಡಗಡೆ ಹೆಡ್‌ಲೈಟ್ ಹಿಂದೆ ನೋಡಿ."

ಮೊದಲು ಒಂದು ಬಾನೆಟ್ಟು ಎದ್ದಿತು. ಆಮೇಲೆ ಪಟಪಟನೆ ಸಾಲಿಡೀ.

"ಇಲ್ಲೂ ಇದೆ!"

"ನಂದು ಕೈಯಲ್ಲೇ ಅಲ್ಲಾಡ್ತಿದೆ!"

"ನಮ್ಮನ್ನ ಕಾಯೋಕೆ ಇಟ್ಟ ಅತ್ತೆ ಮನೆಗೇ ಬೆಂಕಿ ಇಡ್ತಿದ್ದಾಳಲ್ರೋ!"

ಮ್ಯಾನೇಜರ್ ಓಡಿ ಬಂದ. "ಕಚೇರಿಯವರು ಕಾಯ್ತಿದ್ದಾರೆ. ಗಾಡಿ ತೆಗೀರಿ!"

ಯಾರೂ ಬಾನೆಟ್ ಮುಚ್ಚಲಿಲ್ಲ. ಅವನು ನಿಧಾನಪ್ಪನ ಕಡೆ ತಿರುಗಿ ಕೀ ಚಾಚಿದ. "ತಗೋಪ್ಪ, ಆದದ್ದು ಆಯ್ತು. ನೀನಾದ್ರೂ ಇವರಿಗೆ ಹೇಳು."

ನಿಧಾನಪ್ಪ ಕೀ ಮುಟ್ಟಲಿಲ್ಲ.

"ಬೆಳಿಗ್ಗೆ ನನ್ನನ್ನ ಕುರುಡ ಅಂದ್ರಿ ಸಾರ್. ಇವರೆಲ್ಲರ ಮುಂದೆ ಅಂದ್ರಿ. ಇವರೆಲ್ಲರ ಮುಂದೆ ವಾಪಸ್ ತಗೊಳ್ಳಿ. ಆಮೇಲೆ ಕೀ ತಗೋತೀನಿ."

ಮ್ಯಾನೇಜರ್ ಗೇಟಿನ ಕಡೆ ನೋಡಿದ, ಗಡಿಯಾರ ನೋಡಿದ. "ತಪ್ಪಾಯ್ತು," ಅಂದ, ತುಟಿಯ ಒಳಗೇ.

"ಹಿಂದೆ ಇರೋರಿಗೆ ಕೇಳಿಸ್ಲಿಲ್ಲ!" ಅಂತ ಸಾಲಿನ ಕೊನೆಯಿಂದ ಕೂಗು ಬಂತು.

"ತಪ್ಪು ಅವನದಲ್ಲ. ಕಂಪನಿದು," ಅಂದ ಮ್ಯಾನೇಜರ್. ಈ ಸಲ ಕೊನೆಯ ಕಾರಿನವರೆಗೂ ಕೇಳಿಸಿತು.

ನಿಧಾನಪ್ಪ ಕೀ ತೆಗೆದುಕೊಂಡು ಜೇಬಿಗೆ ಹಾಕಿದ. ಕಾರುಗಳು ಆಗಲೂ ಹೊರಡಲಿಲ್ಲ. ಬೋಲ್ಟುಗಳೆಲ್ಲ ಬಿಗಿಯಾಗುವವರೆಗೆ ಹೊರಡುವುದಿಲ್ಲ ಅಂತ ಡ್ರೈವರುಗಳು ಒಟ್ಟಾಗಿ ಹೇಳಿದರು. ಕರೆಂಟಕ್ಕ ಒಂದು ತುದಿಯಿಂದ, ಭಾವ ಇನ್ನೊಂದು ತುದಿಯಿಂದ ಸ್ಪ್ಯಾನರ್ ಹಿಡಿದು ಶುರುಮಾಡಿದರು. ಕಚೇರಿಯ ಫೋನು ಬಡಿದುಕೊಳ್ಳುತ್ತಲೇ ಇತ್ತು.