ಒಂದೇ ಟೇಬಲ್ಲು

ಸೋಪಿನ ನೀರಿನಲ್ಲಿ ಬೇಯುವ ಬಟ್ಟೆಯ ವಾಸನೆಯೆಂದರೆ ಅಕ್ಕನಿಗೆ ಅಮ್ಮನ ವಾಸನೆಯೇ. ಅಮ್ಮ ಮನೆಮನೆಯ ಬಟ್ಟೆ ಒಗೆದು ಮಕ್ಕಳಿಬ್ಬರನ್ನು ಸಾಕಿದವಳು. ಹಿತ್ತಲಿನ ಹಂಡೆಯಲ್ಲಿ ಬಿಳಿ ಬಟ್ಟೆ ಕುದಿಯುವಾಗ ಅಕ್ಕ ತಮ್ಮ ಇಬ್ಬರೂ ಆ ಹಬೆಗೆ ಮುಖವೊಡ್ಡಿ ಕೂರುತ್ತಿದ್ದರು. ಕೈ ಸುಟ್ಟುಕೊಂಡರೂ ಅಳುವಂತಿರಲಿಲ್ಲ. ಅತ್ತರೆ ಅಮ್ಮನ ಕೆಲಸ ನಿಲ್ಲುತ್ತಿತ್ತು. ‘ಪರವಾಗಿಲ್ಲ’ ಎನ್ನುವುದೇ ಆ ಮನೆಯ ಮಕ್ಕಳು ಚೆನ್ನಾಗಿ ಕಲಿತ ಮೊದಲ ಮಾತು.

ಬೆಳೆದ ಮೇಲೆ ಅಕ್ಕ ದೊಡ್ಡಾಸ್ಪತ್ರೆಯ ಬಟ್ಟೆ ಕೋಣೆಗೆ ಕೆಲಸಕ್ಕೆ ಸೇರಿದಳು. ಆಪರೇಷನ್ ಥಿಯೇಟರಿನ ಹಸಿರು ಬಟ್ಟೆಗಳನ್ನು ಮಡಿಸಿ, ಗಂಟು ಕಟ್ಟಿ, ಹಬೆಯ ಯಂತ್ರದಲ್ಲಿಟ್ಟು ತೆಗೆಯುವುದು ಅವಳ ಕೆಲಸ. ಹೊಟ್ಟೆಯ ಆಪರೇಷನ್ನಿಗೆ ಒಂದು ಬಗೆಯ ಗಂಟು, ಹೆರಿಗೆಗೆ ಇನ್ನೊಂದು, ಮೂಳೆಗೆ ಮತ್ತೊಂದು. ನರ್ಸ್ ಕಿಟಕಿಗೆ ಬಂದು ಯಾವ ಗಂಟು ಕೇಳಿದಳೆಂಬುದರ ಮೇಲೆಯೇ ಒಳಗೆ ಹೋದವರು ಎಂಥ ರೋಗಿಯೆಂದು ಅವಳಿಗೆ ತಿಳಿಯುತ್ತಿತ್ತು.

ತಮ್ಮ ಬಸ್ ಕಂಡಕ್ಟರ್. ಮದುವೆಯ ಗೋಜಿಗೆ ಹೋಗದೆ ಅಕ್ಕನ ಜೊತೆಯಲ್ಲೇ ಇದ್ದವನು. ಆ ದಿನ ಬೆಳಿಗ್ಗೆ ಹೊಟ್ಟೆ ಹಿಡಿದುಕೊಂಡು ಮುದುಡಿ ಕೂತವನನ್ನು ಅವಳೇ ಆಟೋ ಹತ್ತಿಸಿ ತನ್ನ ಆಸ್ಪತ್ರೆಗೇ ಕರೆತಂದಳು. ಡಾಕ್ಟರಮ್ಮ ಹೊಟ್ಟೆ ಒತ್ತಿ ನೋಡಿದರು, ಎಕ್ಸ್‌ರೇ ತೆಗೆಸಿದರು.

“ಕರುಳು ತಿರುಚಿಕೊಂಡಿದೆ. ಬೇಗ ಬಿಡಿಸಬೇಕು. ತಡವಾದ್ರೆ ಕೊಳೆಯುತ್ತೆ.”

ಆದರೆ ಟೇಬಲ್ಲೆಲ್ಲಿ? ಇದ್ದ ಎರಡು ಥಿಯೇಟರುಗಳಲ್ಲಿ ಒಂದರ ಸೀಲಿಂಗ್ ಕುಸಿದು ತಿಂಗಳುಗಳೇ ಕಳೆದಿದ್ದವು. ಬಾಗಿಲಿಗೆ ಬೀಗ, ಒಳಗೆ ಮುರಿದ ಮಂಚಗಳ ರಾಶಿ. ಉಳಿದ ಒಂದರಲ್ಲಿ ಲಾರಿಗೆ ಸಿಕ್ಕಿ ಕಾಲು ಜಜ್ಜಿಹೋದವನೊಬ್ಬ ಮಲಗಿದ್ದ. ಬೇರೆ ಆಸ್ಪತ್ರೆಗಳಿಗೆ ಫೋನ್ ಮಾಡಿಸಿದರೆ ಅಲ್ಲೂ ಅದೇ ಹಾಡು.

ತಮ್ಮನ ಟ್ರಾಲಿ ಥಿಯೇಟರಿನ ಬಾಗಿಲ ಬಳಿ ನಿಂತಿತು. ಅಕ್ಕ ಅವನ ಗಂಟನ್ನು ತಾನೇ ಕಟ್ಟಿ, ಅಂಚನ್ನು ಮತ್ತೆ ಮತ್ತೆ ತೀಡಿ, ಹಬೆಯಲ್ಲಿಟ್ಟು ತೆಗೆದು, ಕಿಟಕಿಯ ಹತ್ತಿರ ಇಟ್ಟು ಬಂದಳು.

“ಜೀವನವಿಡೀ ‘ಒಳಗೆ ಹೋಗಿ, ಒಳಗೆ ಹೋಗಿ’ ಅಂತ ಕೂಗಿದವನು ನಾನು,” ಎಂದ ತಮ್ಮ, ಹಲ್ಲು ಕಚ್ಚಿಕೊಂಡು. “ಈಗ ನೋಡು, ನನ್ನನ್ನೇ ಫುಟ್‌ಬೋರ್ಡಲ್ಲಿ ನಿಲ್ಲಿಸಿದ್ದಾರೆ.”

“ಬಾಯಿ ಮುಚ್ಕೊಂಡು ಮಲಗೋ.”

“ಸ್ಟಾಪ್ ದಾಟಿಸಿ ಇಳಿಸಿದೆನಲ್ಲ, ಅವರದೆಲ್ಲ ಶಾಪ ಇರಬೇಕಕ್ಕ.”

ಅವಳಿಗೆ ನಗು ಬಂತು, ಕಣ್ಣೂ ತುಂಬಿತು. ವಾರ್ಡಿನ ಜವಾನ ಎಲ್ಲಿಂದಲೋ ಒಂದು ಸ್ಟೂಲು ತಂದು ಅವಳ ಹಿಂದೆ ಇಟ್ಟು ಹೋದ.

ಹೊತ್ತು ಏರಿದಂತೆ ತಮ್ಮನ ಮಾತು ನಿಂತಿತು. ಟ್ರಾಲಿಯ ಕಂಬಿ ಹಿಡಿದ ಬೆರಳುಗಳು ಬಿಳಿಚಿಕೊಂಡವು. ಆಮೇಲೆ ಇದ್ದಕ್ಕಿದ್ದಂತೆ ಅವು ಸಡಿಲವಾದವು.

“ಅಕ್ಕ, ನೋವು ಇಳೀತು.”

“ನಿಜ ಹೇಳೋ.”

“ನಿಜವಾಗ್ಲೂ. ಯಾರೋ ಕೈ ಹಾಕಿ ತೆಗೆದ ಹಾಗೆ.”

ಬೆಳಗಿನಿಂದ ಬಿಗಿಹಿಡಿದಿದ್ದ ಉಸಿರನ್ನು ಅವಳು ಬಿಟ್ಟಳು.

ಅಷ್ಟರಲ್ಲಿ ಇನ್ನೊಂದು ಟ್ರಾಲಿ ಬಂತು. ಅದರ ಮೇಲೆ ತುಂಬು ಗರ್ಭಿಣಿ, ಚಿಕ್ಕ ಹುಡುಗಿ. ಹೊಟ್ಟೆಯಲ್ಲಿದ್ದ ಮಗುವಿನ ಎದೆಬಡಿತ ಕುಗ್ಗುತ್ತಿದೆಯಂತೆ. ಪಕ್ಕದಲ್ಲಿ ಅವಳ ತಾಯಿ, ಮಗಳ ಚಪ್ಪಲಿಯನ್ನು ಎದೆಗೆ ಅವುಚಿಕೊಂಡು ನಿಂತಿದ್ದಳು. ಕಾಲಿನವನನ್ನು ಹೊರಗೆ ತಂದರು, ಟೇಬಲ್ಲು ಖಾಲಿಯಾಯಿತು. ನರ್ಸ್ ಬಾಗಿಲು ಅರ್ಧ ತೆರೆದು ಇಣುಕಿದಳು.

“ಕರುಳಿನ ಪೇಷಂಟ್ ಹೇಗಿದ್ದಾರೆ ಅಂತ ಡಾಕ್ಟ್ರು ಕೇಳ್ತಿದ್ದಾರೆ.”

“ನಂದು ಪರವಾಗಿಲ್ಲ ಸಿಸ್ಟರ್,” ಎಂದ ತಮ್ಮ. “ಬಸುರಿ ಹೆಂಗಸಿಗೆ ಸೀಟು ಬಿಡಿಸೋದು ನನ್ನ ಕೆಲಸ. ಅವರನ್ನ ಕರ್ಕೊಳ್ಳಿ.”

ನರ್ಸ್ ಅಕ್ಕನ ಮುಖ ನೋಡಿದಳು.

“ಹೌದು, ನೋವು ಪೂರ್ತಿ ಇಳಿದಿದೆ,” ಎಂದಳು ಅಕ್ಕ. ಸಂತೋಷದಿಂದಲೇ ಹೇಳಿದಳು. ಕೋಣೆಗೆ ಓಡಿಹೋಗಿ ಹೆರಿಗೆಯ ಗಂಟನ್ನು ತನ್ನ ಕೈಯಾರೆ ತಂದುಕೊಟ್ಟಳು.

ಒಳಗಿಂದ ಮಗುವಿನ ಅಳು ಕೇಳಿದಾಗ ತಮ್ಮನ ಹಣೆ ಬೆವರಿ ತಣ್ಣಗಾಗಿತ್ತು. “ಟಿಕೆಟ್ಟಿಲ್ಲದ ಪ್ಯಾಸೆಂಜರು ಹತ್ತಿತು,” ಎಂದ, ಕಣ್ಣು ಮುಚ್ಚಿಕೊಂಡೇ. ಆಮೇಲೆ ಅವನು ಮಾತಾಡಲಿಲ್ಲ.

ಡಾಕ್ಟರಮ್ಮ ಹೊರಗೆ ಬಂದವರೇ ಅವನ ಹೊಟ್ಟೆ ಮುಟ್ಟಿದರು. ಹಲಗೆಯಂತಿತ್ತು. “ನೋವು ಯಾವಾಗ ನಿಂತಿತು?” ಎಂದು ಕೇಳಿದರು. ಅಕ್ಕ ಹೇಳಿದಳು. ಅವರು ಜವಾನನಿಗೂ ಕಾಯದೆ ಟ್ರಾಲಿಯನ್ನು ತಾವೇ ಒಳಗೆ ತಳ್ಳಿಕೊಂಡು ಹೋದರು.

ಕರುಳು ಕಪ್ಪಾಗಿ ಒಡೆದುಹೋಗಿತ್ತು. ನೋವು ಇಳಿದದ್ದು ಅದಕ್ಕೇ. ನಂಜು ಮೈಯೆಲ್ಲ ಏರಿತ್ತು. ಮರುದಿನ ಮಧ್ಯಾಹ್ನ ತಮ್ಮ ಹೋದ.

ಡಾಕ್ಟರಮ್ಮ ಅಕ್ಕನನ್ನು ಹುಡುಕಿಕೊಂಡು ಬಟ್ಟೆ ಕೋಣೆಗೇ ಬಂದರು. ಅವಳು ಮಡಿಸಿದ್ದ ಬಟ್ಟೆಯನ್ನೇ ಬಿಡಿಸಿ ಮತ್ತೆ ಮಡಿಸುತ್ತಿದ್ದಳು.

“ನೋವು ಇಳಿದಿದೆ ಅಂದವಳು ನಾನೇ ಅಲ್ವಾ ಡಾಕ್ಟ್ರೇ. ಹಾಗೆ ಅನ್ನದೆ ಇದ್ದಿದ್ರೆ?”

“ನೀವು ಏನೇ ಅಂದಿದ್ರೂ ನಾನು ಆ ಹುಡುಗೀನೇ ಮೊದಲು ತಗೋತಿದ್ದೆ.” ಅವರು ಬಾಗಿಲ ಚೌಕಟ್ಟಿಗೆ ಒರಗಿದರು. “ಇನ್ನೊಂದು ಟೇಬಲ್ ಇದ್ದಿದ್ರೆ ಇಬ್ಬರನ್ನೂ ತಗೋಬಹುದಿತ್ತು. ಅಷ್ಟೇ ಕಣಮ್ಮ.”

ಅದು ನಿಜವೋ, ತನ್ನನ್ನು ಬದುಕಿಸಲು ಆಡಿದ ಮಾತೋ, ಅಕ್ಕನಿಗೆ ತಿಳಿಯಲಿಲ್ಲ. ಅವಳು ಮತ್ತೆ ಕೇಳಲಿಲ್ಲ. ಡಾಕ್ಟರಮ್ಮ ಎದುರಿಗೆ ಬಂದು, ಅವಳ ಜೊತೆ ಒಂದು ಬಟ್ಟೆಯ ಅಂಚು ಹಿಡಿದು ಮಡಿಸಿಕೊಟ್ಟು ಹೋದರು.

ಹೆಣ ಒಯ್ಯುವ ಗಾಡಿ ಬರುವುದು ತಡವಾಯಿತು. ಅಕ್ಕ ಮೊಗಸಾಲೆಯ ಬೆಂಚಿನ ಮೇಲೆ ಕೂತಿದ್ದಳು. ಆ ಹುಡುಗಿಯ ತಾಯಿ ಹೆರಿಗೆ ವಾರ್ಡಿನಿಂದ ಹೊರಬಂದವಳು ಅವಳನ್ನು ಕಂಡು ನಿಂತಳು. ಹಿಂದಕ್ಕೆ ಹೋಗಲೋ ಮುಂದಕ್ಕೆ ಬರಲೋ ತಿಳಿಯದೆ ನಿಂತವಳು ಕೊನೆಗೆ ಬಂದು ಬೆಂಚಿನ ತುದಿಯಲ್ಲಿ ಕೂತಳು.

“ಮಗು ಹೇಗಿದೆ?” ಅಕ್ಕನೇ ಕೇಳಿದಳು.

“ಚೆನ್ನಾಗಿದೆ,” ಎಂದಳು ಆಕೆ, ತಪ್ಪು ಒಪ್ಪಿಕೊಳ್ಳುವವಳ ದನಿಯಲ್ಲಿ. “ಹಾಲು ಕುಡೀತಿದೆ.”

“ಹೆಣ್ಣಾ?”

“ಗಂಡು.”

ಅಕ್ಕ ತಲೆಯಾಡಿಸಿದಳು. ಆಕೆ ಚೀಲದಿಂದ ಡಬ್ಬಿಯೊಂದನ್ನು ತೆಗೆದಳು. ಮಗಳಿಗೆಂದು ಮನೆಯಿಂದ ತಂದದ್ದು. ನಾಳೆಯವರೆಗೂ ಅವಳಿಗೆ ಊಟ ಕೊಡಬಾರದೆಂದಿದ್ದರು. ಮುಚ್ಚಳ ತೆರೆದು, ಚಮಚವನ್ನು ಸೆರಗಿನಲ್ಲಿ ಒರೆಸಿ, ಡಬ್ಬಿಯನ್ನು ಅಕ್ಕನ ಕೈಗಿಟ್ಟಳು.