ಗೋಡೆಗೊರಗಿದ ಮುಚ್ಚಳ

"ಮುಚ್ಚಳ ಎಲ್ಲಯ್ಯ?"

ಎಲೆಕ್ಟ್ರಿಶಿಯನ್ ರಾಯ್ಸ್ ನೆಲಮಾಳಿಗೆಯ ಗೋಡೆಯತ್ತ ಗದ್ದವೆತ್ತಿ ತೋರಿಸಿದ. ಅವನು ಹಾಕಿದ ಹೊಸ ಕರೆಂಟು ಪೆಟ್ಟಿಗೆಯ ಕಬ್ಬಿಣದ ಮುಚ್ಚಳ ಅಲ್ಲಿ ಒರಗಿ ನಿಂತಿತ್ತು, ಒಂದು ಮೂಲೆ ಸೊಟ್ಟಗೆ. "ಮೆಟ್ಟಿಲಲ್ಲಿ ಕೈಜಾರ್ತು ಸಾಹೇಬ್ರೆ. ಕೂರ್ತಾ ಇಲ್ಲ. ಬೇರೇದು ಸೋಮವಾರ ಬರುತ್ತೆ."

ವಿದ್ಯುತ್ ಇನ್ಸ್‌ಪೆಕ್ಟರ್ ಮರ್ಡೊಕ್ ಪೆಟ್ಟಿಗೆಯೊಳಗೆ ಟಾರ್ಚಿನ ಬೆಳಕು ಬಿಟ್ಟ. ತಾಮ್ರದ ಪಟ್ಟಿಗಳು ಬೆತ್ತಲೆ ನಿಂತಿದ್ದವು. ಮುಚ್ಚಳವಿಲ್ಲದೆ ಪಾಸು ಮಾಡುವಂತಿಲ್ಲ. ಪಾಸಾಗದೆ ಕಂಪನಿ ಕರೆಂಟು ಕೊಡುವುದಿಲ್ಲ. ಕೆನಡಾದ ಥಂಡರ್ ಬೇ ಊರಿನ ಜನವರಿ; ಮನೆಯೊಳಗೂ ಉಸಿರು ಹೊಗೆಯಾಗುತ್ತಿತ್ತು.

ಬೆಳಿಗ್ಗೆಯಷ್ಟೇ ಹಲ್ಲಿನ ಡಾಕ್ಟರೊಬ್ಬರ ಗ್ಯಾರೇಜನ್ನು ಫೇಲು ಮಾಡಿ ಬಂದಿದ್ದ. ಮುಚ್ಚಳಕ್ಕೆ ಮೊಂಡು ಸ್ಕ್ರೂ ಬದಲು ಚೂಪು ಸ್ಕ್ರೂ ಹಾಕಿದ್ದರು. ಒಳಗಿನ ತಂತಿಯ ಮೇಲ್ಪದರ ಸೀಳೀತು. "ಒಂದು ಸ್ಕ್ರೂಗೇನ್ರೀ?" ಎಂದು ಡಾಕ್ಟರು ಕೂಗಾಡಿದಾಗ ಅವನಿಗೆ ಹಿತವೆನಿಸಿತ್ತು. ಕಾಲೇಜಿನಲ್ಲಿ ನೀತಿಶಾಸ್ತ್ರ ಓದಿದವನು ಅವನು.

ಮೆಟ್ಟಿಲ ತುದಿಯಿಂದ ಮನೆಯೊಡತಿ ಪಕ್ಕಲಾ ಅಜ್ಜಿ ಕೂಗಿದಳು, ಮೈಮೇಲೆ ಎರಡು ಕೋಟು. "ಏನಪ್ಪಾ, ಪಾಸೋ ಫೇಲೋ? ನಾನು ಹೆಪ್ಪುಗಟ್ಟೋದ್ರೊಳಗೆ ಹೇಳಿಬಿಡು."

"ಪಾಸು," ಎಂದುಬಿಟ್ಟ. ಕರುಣೆಯೋ, ಬೇಗ ಹೊರಬೀಳುವ ಆತುರವೋ, ಅವನಿಗೇ ತಿಳಿಯಲಿಲ್ಲ. ಹಸಿರು ಚೀಟಿಗೆ ಸಹಿ ಹಾಕಿ, ಅಭ್ಯಾಸಬಲದಿಂದ, ಆ ಸೊಟ್ಟ ಮುಚ್ಚಳಕ್ಕೇ ಅಂಟಿಸಿದ.

"ಸೋಮವಾರದ ತನಕ ಅಜ್ಜಿ ಕೆಳಗಿಳೀದೆ ಇರ್ಲಿ."

"ಹೇಳ್ತೀನಿ ಬಿಡಿ," ಎಂದ ರಾಯ್ಸ್, ಆಗಲೇ ಚೀಲ ಕಟ್ಟುತ್ತ.

ಮಧ್ಯಾಹ್ನ ಸ್ಯಾಂಡ್‌ವಿಚ್ಚು ಕಚ್ಚುವಾಗ ನೆನಪಾಯಿತು: ಪೆಟ್ಟಿಗೆಯ ಪಕ್ಕದಲ್ಲೇ ಒಂದು ಮರದ ಬಾಗಿಲಿತ್ತು. ಸೌನಾ. ಫಿನ್‌ಲ್ಯಾಂಡ್ ಮೂಲದ ಮುದುಕಿ. ಕರೆಂಟು ಬಂದ ಮೇಲೆ ಆ ಬಿಸಿಕೋಣೆಯಲ್ಲಿ ಬೆವರಿ, ನೀರು ಸುರಿದುಕೊಳ್ಳದೆ ಬಿಟ್ಟಾಳೆಯೇ? ಫೋನೆತ್ತಿದ. ಏನೆಂದು ಹೇಳುವುದು? ಕೆಳಗಿಟ್ಟ. ಸ್ಯಾಂಡ್‌ವಿಚ್ಚು ಪೂರ್ತಿ ತಿಂದ.

ಸಂಜೆ ಅವಳ ಬಾಗಿಲು ತಟ್ಟಿದ. ಒದ್ದೆ ಕೂದಲು, ಕೆಂಪೇರಿದ ಕೆನ್ನೆ, ಬರಿಗಾಲು.

"ಬಾ ಬಾ, ಪುಣ್ಯಾತ್ಮ! ಕಾಫಿ ಕುಡಿ."

"ರಾಯ್ಸ್ ಏನಾದ್ರೂ ಹೇಳಿದ್ನಾ?"

"ಬಿಲ್ಲು ಕಳಿಸ್ತೀನಿ ಅಂದ."

"ಅಲ್ಲ, ಕೆಳಗೆ..."

"ಆ ಬಾಯಿಬಿಟ್ಟ ಪೆಟ್ಟಿಗೆ ನೋಡಿ ಎದೆ ಝಲ್ ಅಂತು ಕಣಪ್ಪಾ. ಆಮೇಲೆ ನಿನ್ನ ಹಸಿರು ಚೀಟಿ ಕಾಣಿಸ್ತು, ಧೈರ್ಯ ಬಂತು. ಮೇಲೊಂದು ಮೊಳೆ ಇತ್ತಲ್ಲ, ನನ್ನ ಟವಲ್ ಇಳಿಬಿಟ್ಟು ಮುಚ್ಚಿದೆ."

ಅವನು ಮೆಟ್ಟಿಲಿಗೆ ಓಡಿದ. ಅರ್ಧದಲ್ಲೇ ಕಾಲು ನಿಂತಿತು. ಟವಲ್ ತೊಯ್ದು ಭಾರವಾಗಿತ್ತು. ಅಂಚಿನಲ್ಲೊಂದು ಹನಿ ದಪ್ಪಗಾಗುತ್ತಿತ್ತು. ಕರೆಂಟು ತೆಗೆಯುವ ಸ್ವಿಚ್ಚೂ ಅದರ ಹಿಂದೆಯೇ.

"ನೋಡ್ಬೇಕಾ? ತಾಳು, ತೆಗೀತೀನಿ." ಅಜ್ಜಿ ಅವನನ್ನು ದಾಟಿ ಇಳಿದಳು.

ತಡೆಯಲು ಒಂದು ಮಾತು ಸಾಕಿತ್ತು. ಅದನ್ನಾಡಿದರೆ ಉಳಿದದ್ದನ್ನೆಲ್ಲ ಆಡಬೇಕಿತ್ತು. ಮರ್ಡೊಕ್ ಬಾಯಿ ತೆರೆದ. ಒದ್ದೆ ನೆಲದಾಚೆ, ಗೋಡೆಗೊರಗಿದ ಮುಚ್ಚಳದ ಮೇಲೆ, ಆ ನೆಲಮಾಳಿಗೆಯಲ್ಲಿ ಒಣಗಿದ್ದುದು ಅವನ ಸಹಿಯೊಂದೇ.