ಮಹಡಿಯಮ್ಮನ ಮಾತು

ನನಗೆ ಸಿಟ್ಟು ಬಂದರೆ ಜನ ಚಪ್ಪಾಳೆ ತಟ್ಟುತ್ತಾರೆ. ಕಳೆದ ತಿಂಗಳು ತರಕಾರಿ ಅಂಗಡಿಯವನು ಕೊಳೆತ ಟೊಮೆಟೊವನ್ನು ಅಡಿಗೆ ತಳ್ಳಿ, ಮೇಲೆ ನಾಲ್ಕು ಒಳ್ಳೆಯದಿಟ್ಟು ತೂಗುತ್ತಿದ್ದ. "ಮೇಲೆ ಮದುವಣಗಿತ್ತಿ, ಕೆಳಗೆ ಹೆಣ. ಯಾರ ಮುಂದಪ್ಪಾ ಈ ನಾಟಕ?" ಅಂದೆ. ಹಿಂದೆ ನಿಂತಿದ್ದ ಹುಡುಗಿಯರಿಬ್ಬರು ಕಿಸಕ್ಕನೆ ನಕ್ಕರು. "ಆಂಟಿ, ಥೇಟ್ ಮಹಡಿಯಮ್ಮನ ಥರಾನೇ ಹೇಳಿದ್ರಿ" ಅಂದಳು ಒಬ್ಬಳು. ಅಂಗಡಿಯವನೂ ನಕ್ಕ. ಕೊಳೆತ ಟೊಮೆಟೊ ನನ್ನ ಚೀಲಕ್ಕೇ ಬಂತು.

ನಾನು ಮಹಡಿಯಮ್ಮನ ಥರ ಅಲ್ಲ, ಮಹಡಿಯಮ್ಮ ನನ್ನ ಥರ. ಇದನ್ನು ಹೇಳಿ ಹೇಳಿ ನನ್ನ ಬಾಯಿ ಸೋತಿದೆ, ನಂಬುವವರು ಯಾರೂ ಇಲ್ಲ.

ನನ್ನ ಗಂಡ ಟಿವಿಗೆ ಕಥೆ ಬರೆಯುವವರು. ಮದುವೆಯಾದ ಹೊಸತರಲ್ಲಿ ಇವರಿಗೆ 'ಬಾಡಿಗೆ ಪತ್ತೇದಾರ' ಎಂಬ ಧಾರಾವಾಹಿ ಸಿಕ್ಕಿತು. ಬಾಡಿಗೆ ಕೋಣೆಯಲ್ಲಿ ಒಬ್ಬ ಪತ್ತೇದಾರ, ವಾರಕ್ಕೊಂದು ಕಳವು. ನೋಡುವವರೇ ಇರಲಿಲ್ಲ. ಒಂದು ದಿನ ಕಳ್ಳನ ಪಾತ್ರದವನು ಜ್ವರ ಅಂತ ಬರಲಿಲ್ಲ. ಅವನ ದೃಶ್ಯದ ಜಾಗಕ್ಕೆ ಸಂಜೆಯೊಳಗೆ ಏನಾದರೂ ತುಂಬಬೇಕಿತ್ತು. ಇವರು ಮಧ್ಯಾಹ್ನ ಮನೆಗೆ ಓಡಿಬಂದು, ನಿಂತೇ ತಟ್ಟೆ ಹಿಡಿದು, ಒಂದು ಕಣ್ಣು ಗಡಿಯಾರದ ಮೇಲಿಟ್ಟು ನುಂಗತೊಡಗಿದರು. ನನಗೆ ಮೈಯೆಲ್ಲ ಉರಿಯಿತು.

"ರೀ, ಮೊದ್ಲು ಕೂತ್ಕೊಳ್ಳಿ. ನೀವು ಕೂತ್ರೆ ಪ್ರಪಂಚ ಏನೂ ನಿಂತುಹೋಗಲ್ಲ" ಅಂದೆ. ಇನ್ನೂ ಏನೇನೋ ಅಂದೆ. ಇವರು ತಟ್ಟೆ ಕೆಳಗಿಟ್ಟು ಜೇಬಿನಿಂದ ಪೆನ್ನು ತೆಗೆದರು. ಊಟ ಹಾಗೇ ಆರಿಹೋಯಿತು.

ಅವತ್ತು ಸಂಜೆ ಆ ಧಾರಾವಾಹಿಗೆ ಮಹಡಿಯಮ್ಮ ಅಂತ ಮನೆ ಮಾಲೀಕಳೊಬ್ಬಳು ಬಂದಳು. ಮಹಡಿಯ ಮೆಟ್ಟಿಲ ಮೇಲೆ ನಿಂತು ಪತ್ತೇದಾರನಿಗೆ ಬೈಯುವುದೇ ಅವಳ ಕೆಲಸ. ಆಮೇಲೆ ನಮ್ಮ ಮನೆಯ ಜಗಳಗಳೆಲ್ಲ ಒಂದೊಂದಾಗಿ ಮೆಟ್ಟಿಲಿಳಿದವು. ಸೋಮವಾರ ನಾನು ಅಡುಗೆಮನೆಯಲ್ಲಿ ಅತ್ತುಕೊಂಡು ಆಡಿದ ಮಾತಿಗೆ ಶನಿವಾರ ಜನ ಹೊಟ್ಟೆ ಹಿಡಿದು ನಗುತ್ತಿದ್ದರು.

ಧಾರಾವಾಹಿ ಹೆಚ್ಚು ದಿನ ನಡೆಯಲಿಲ್ಲ, ಚಾನೆಲ್‌ನವರು ನಿಲ್ಲಿಸಿಬಿಟ್ಟರು. ಪೀಡೆ ತೊಲಗಿತು ಅಂದುಕೊಂಡೆ. ಎಲ್ಲಿಂದ? ಎಷ್ಟೋ ವರ್ಷಗಳ ಮೇಲೆ ಹಾಸ್ಟೆಲ್ ಹುಡುಗರು ಅದನ್ನು ಎಲ್ಲಿಂದಲೋ ಹುಡುಕಿ ತೆಗೆದರು. ಈಗ ನನ್ನ ಮಾತು ಕಾಫಿ ಲೋಟದ ಮೇಲಿದೆ, ಟೀಶರ್ಟಿನ ಮೇಲಿದೆ, ಆಟೋ ಬೆನ್ನ ಮೇಲಿದೆ. ನನ್ನ ಸ್ವಂತ ಮಗಳೇ ಫೋನಿನಲ್ಲಿ ನಾನು ಎರಡು ಮಾತು ಗಟ್ಟಿಯಾಗಿ ಆಡಿದರೆ, "ಅಮ್ಮಾ, ಇದು ಹಳೇ ಡೈಲಾಗು" ಅನ್ನುತ್ತಾಳೆ.

ಇಷ್ಟನ್ನೂ ಸಹಿಸಿಕೊಳ್ಳುತ್ತಿದ್ದೆ. ಆದರೆ ಈ ಸಲ ವಿಷಯ ಇವರ ಎದೆಗೇ ಬಂತು. ಧಾರಾವಾಹಿಯನ್ನು ಹೊಸದಾಗಿ ತೆಗೆಯುತ್ತೇವೆ, ನೀವೇ ಬರೆಯಬೇಕು ಅಂತ ಚಾನೆಲ್‌ನವರು ದುಂಬಾಲು ಬಿದ್ದಾಗಿನಿಂದ ಇವರು ಕುರ್ಚಿ ಬಿಟ್ಟು ಏಳಲಿಲ್ಲ. ಎದ್ದರೆ ಕೋಣೆಯ ಆ ಗೋಡೆಯಿಂದ ಈ ಗೋಡೆಗೆ ಓಡಾಟ. ಎರಡು ಸಲ ಎದೆ ಹಿಡಿದುಕೊಂಡು ಗೋಡೆಗೆ ಒರಗಿದ್ದನ್ನು ನಾನೇ ನೋಡಿದೆ. ಎಳೆದುಕೊಂಡು ಹೋಗಿ ಡಾಕ್ಟರಿಗೆ ತೋರಿಸಿದೆ. ಆಪರೇಷನ್ ಆಗಲೇಬೇಕು, ಈ ವಾರವೇ ಅಡ್ಮಿಟ್ ಆಗಿ ಅಂದರು ಅವರು.

"ಕೊನೇ ಕಂತು ಮುಗಿಸ್ಕೊಂಡು ಬಂದ್ಬಿಡ್ತೀನಿ ಸರ್" ಅಂದರು ಇವರು.

"ಕೊನೇ ಕಂತು ಯಾವುದು ಅಂತ ಬರೆಯೋರು ನೀವಲ್ಲ ರೀ. ಆ ಪೆನ್ನು ಬೇರೆಯವನ ಕೈಲಿದೆ" ಅಂದೆ. ಇವರ ತೋಳನ್ನು ಬಿಗಿಯಾಗಿ ಹಿಡಿದಿದ್ದೆ.

ಡಾಕ್ಟರು ಕುರ್ಚಿಗೊರಗಿ ನಕ್ಕುಬಿಟ್ಟರು. "ಮೇಡಂ, ನೀವೂ ಮಹಡಿಯಮ್ಮನ ಫ್ಯಾನಾ?" ಅಂದರು. ನಗುವಿನ ನಡುವೆ ಇವರು ನನ್ನ ಮಾತನ್ನು ಔಷಧಿ ಚೀಟಿಯ ಬೆನ್ನಿಗೆ ಬರೆದುಕೊಂಡು ಜೇಬಿಗಿಳಿಸಿದರು. ಅಡ್ಮಿಟ್ ಆಗುವ ಮಾತು ಅಲ್ಲೇ ಮುಳುಗಿತು.

ಮನೆಗೆ ಬಂದವಳೇ ಬಾಯಿಗೆ ಬೀಗ ಹಾಕಿಕೊಂಡೆ. ನನ್ನ ಬಾಯಿಂದ ಮಾತು ಬಿದ್ದರೆ ತಾನೆ ಇವರ ಕಂತು ಮುಂದೆ ಹೋಗುವುದು? ಪೆನ್ನು ಒಣಗಿಹೋಗಲಿ, ತಾನಾಗಿ ಎದ್ದು ಬರುತ್ತಾರೆ ಅಂದುಕೊಂಡೆ.

ಇವರು ಸುಮ್ಮನಿರುವ ಜಾತಿಯಲ್ಲ. ಒದ್ದೆ ಟವೆಲನ್ನು ಹಾಸಿಗೆ ಮೇಲೆಸೆದರು. ನಾನು ಎತ್ತಿ ಹಗ್ಗಕ್ಕೆ ಹಾಕಿದೆ. ನಲ್ಲಿ ಬಿಟ್ಟು ಹೋದರು, ನಿಲ್ಲಿಸಿದೆ. ಚಪ್ಪಲಿ ಹಾಕಿಕೊಂಡೇ ಅಡುಗೆಮನೆಗೆ ಬಂದು, ಪೆನ್ನು ಹಿಡಿದು, ನನ್ನ ಮುಖವನ್ನೇ ನೋಡುತ್ತ ನಿಂತರು. ಒರೆಸಿದ ಕಟ್ಟೆಯನ್ನೇ ಮತ್ತೆ ಮತ್ತೆ ಒರೆಸಿದೆ, ಹಲ್ಲು ಕಚ್ಚಿಕೊಂಡು. ಕೊನೆಗೆ ಬೆಳಗಿನ ಮಾತ್ರೆಗಳನ್ನು ಹಾಗೇ ಮೇಜಿನ ಮೇಲೆ ಬಿಟ್ಟು, "ಇವತ್ತು ಬೇಡ" ಅಂದರು. ನನ್ನಿಂದ ಒಂದು ಬೈಗುಳ ಹೊರಡಿಸಲು ಈ ಮನುಷ್ಯ ಪ್ರಾಣವನ್ನೇ ಪಣಕ್ಕಿಟ್ಟಿದ್ದರು. ಮನೆಯೊಳಗೆ ನಿಂತರೆ ಏನು ಮಾಡಿಬಿಡುತ್ತೇನೋ ಅನ್ನಿಸಿ ಬಾಗಿಲು ತೆಗೆದು ಬೀದಿಗಿಳಿದೆ.

ಎಲ್ಲಿಗೆ ಹೋಗುತ್ತಿದ್ದೇನೆಂದು ಗೊತ್ತಿಲ್ಲದೆ ಎರಡು ಬೀದಿ ಸುತ್ತಿದೆ. ಕಾಲು ನಿಲ್ಲುತ್ತಿರಲಿಲ್ಲ. ಬಸ್ ನಿಲ್ದಾಣದ ಗೋಡೆಯ ಮೇಲೆ ಹೊಸ ಧಾರಾವಾಹಿಯ ಪೋಸ್ಟರಿತ್ತು. ಅದೇ ಹಳೇ ನಟಿ, ಸೊಂಟಕ್ಕೆ ಕೈ ಕೊಟ್ಟು ಮೆಟ್ಟಿಲ ಮೇಲೆ ನಿಂತಿದ್ದಾಳೆ. ನಾನು ಯಾವತ್ತೂ ಮಾತಾಡಿಸದ ಹೆಂಗಸು. ಇಷ್ಟು ವರ್ಷ ಅವಳ ಮೇಲೆ ನನಗಿದ್ದ ಹೊಟ್ಟೆಯುರಿ ಅಷ್ಟಿಷ್ಟಲ್ಲ. ಅವಳ ಮನೆ ಎಲ್ಲಿದೆಯೆಂದು ಮಾತ್ರ ಗೊತ್ತಿತ್ತು. ಬಸ್ ಹತ್ತಿದೆ.

ಬಾಗಿಲು ತೆಗೆದವಳು ನನಗಿಂತ ಹಿರಿಯಳು, ಸಣ್ಣ ಜೀವ, ಧ್ವನಿ ಕೇಳಿಸಬೇಕಾದರೆ ಬಗ್ಗಬೇಕು. ನಾನು ಯಾರೆಂದು ಹೇಳಿದೆ. ಒಳಗೆ ಕೂರಿಸಿ ನೀರು ಕೊಟ್ಟಳು.

"ಎಲ್ಲಿಗೆ ಹೋದ್ರೂ ಬೈಯಿರಿ ಬೈಯಿರಿ ಅಂತಾರಮ್ಮ. ನಂಗೆ ಜೋರಾಗಿ ಮಾತಾಡೋಕೇ ಬರಲ್ಲ. ಬರೆದುಕೊಟ್ರೆ ಮಾತ್ರ. ಈ ಮಾತೆಲ್ಲ ಅವರಿಗೆ ಎಲ್ಲಿಂದ ಬರುತ್ತೋ ಅಂದ್ಕೊಳ್ತಿದ್ದೆ. ನಿಮ್ಮದಾ?"

"ನಂದೇ. ನನ್ನ ಸಿಟ್ಟು."

"ಸಿಟ್ಟಾ?" ಅವಳು ನನ್ನನ್ನೇ ನೋಡಿದಳು. "ನಾನು ಯಾವತ್ತೂ ಸಿಟ್ಟು ಅಂತ ಆಡಲಿಲ್ಲಮ್ಮ. ಹೆದರಿಕೆ ಅಂತ ಆಡಿದ್ದು. ಆ ಪತ್ತೇದಾರ ಮನೆಗೆ ವಾಪಸ್ ಬರ್ತಾನೋ ಇಲ್ವೋ ಅಂತ ಹೆದರಿಕೊಂಡು ಮೆಟ್ಟಿಲ ಮೇಲೆ ಕಾಯೋಳು ತಾನೆ ಅವಳು? ಜನ ಯಾಕೆ ನಗ್ತಾರೋ ನಂಗೂ ತಿಳೀಲಿಲ್ಲ."

ನನಗೆ ಅಳು ತಡೆಯಲಾಗಲಿಲ್ಲ. ಪರರ ಮನೆಯ ಸೋಫಾದಲ್ಲಿ ಕೂತು ಮನಸಾರೆ ಅತ್ತೆ. ಆಮೇಲೆ ಮೂಗೊರೆಸಿಕೊಂಡು ನಡೆದದ್ದನ್ನೆಲ್ಲ ಹೇಳಿದೆ. "ನಾನು ಹೇಳಿದ್ರೆ ಬರ್ಕೊಳ್ತಾರೆ. ನೀವು ಹೇಳಿದ್ರೆ ಕೇಳಬಹುದು. ಬನ್ನಿ" ಅಂದೆ.

"ಏನು ಹೇಳಬೇಕು ಹೇಳಿಕೊಡಿ" ಅಂದಳು.

ಹೇಳಿಕೊಟ್ಟೆ. ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ಅವಳು ತುಟಿಯಲ್ಲೇ ಬಾಯಿಪಾಠ ಮಾಡಿದಳು.

ನಾವು ಹೋದಾಗ ಇವರು ಮೇಜಿನ ಮುಂದೆ ಕೂತಿದ್ದರು. ಸುತ್ತ ಮುದುಡಿ ಎಸೆದ ಹಾಳೆ. ಮಾತ್ರೆಗಳು ಇನ್ನೂ ಮೇಜಿನ ಮೇಲೇ ಇದ್ದವು. ನಟಿಯನ್ನು ಕಂಡು, "ಅರೆ, ಬನ್ನಿ ಬನ್ನಿ" ಎಂದು ಅರ್ಧ ಎದ್ದರು. ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಆ ಸಣ್ಣ ಜೀವದಿಂದ ಬಂದ ಧ್ವನಿಗೆ ನಾನೇ ಬಾಗಿಲ ಚೌಕಟ್ಟು ಹಿಡಿದುಕೊಂಡೆ.

"ಪತ್ತೇದಾರನ ಕಥೆ ಬರೆದ್ರಿ, ಒಂದು ಕೊಲೆ ಇಲ್ಲ. ವಾರವಾರವೂ ಬರೀ ಕಳ್ಳತನ. ಯಾಕೆ? ಸಾವು ಅಂದ್ರೆ ನಿಮಗೆ ಕೈಕಾಲು ನಡುಗುತ್ತೆ. ಭಯ ಇದ್ರೆ ಭಯ ಅನ್ನಿ, ಕೆಲಸ ಇದೆ ಅಂತ ಮೇಜಿನ ಹಿಂದೆ ಬಚ್ಚಿಟ್ಕೊಳ್ಳಬೇಡಿ. ನನಗೂ ಭಯಾನೇ. ಏಳಿ, ಮಾತ್ರೆ ನುಂಗಿ, ಚಪ್ಪಲಿ ಹಾಕ್ಕೊಳ್ಳಿ. ನೀವು ಹೋಗ್ಬಿಟ್ರೆ ನಾನು ಯಾರಿಗೆ ಬೈಲಿ?"

ಇವರ ಕೈ ಜೇಬಿನ ತನಕ ಹೋಗಿತ್ತು. ಕೊನೆಯ ಮಾತಿಗೆ ಅಲ್ಲೇ ನಿಂತಿತು.

"ಇದು ನಾನು ಬರೆದದ್ದಲ್ಲ" ಅಂದರು, ಮೆತ್ತಗೆ.

"ಯಾವುದನ್ನ ನೀವು ಬರೆದಿದ್ರಿ?" ಅಂದಳು ನಟಿ. ಇದನ್ನು ನಾನು ಹೇಳಿಕೊಟ್ಟಿರಲಿಲ್ಲ.

ಇವರು ನನ್ನ ಕಡೆ ತಿರುಗಿದರು. ಆಮೇಲೆ ಮಾತ್ರೆ ನುಂಗಿ, ಬಾಗಿಲ ಬಳಿ ಹೋಗಿ ಚಪ್ಪಲಿ ಹುಡುಕತೊಡಗಿದರು. ಅದು ಅಡುಗೆಮನೆಯಲ್ಲಿತ್ತು, ನಾನೇ ತಂದುಕೊಟ್ಟೆ.

ಎರಡು ದಿನದ ಮೇಲೆ ಆಪರೇಷನ್ ಅಂತ ಗೊತ್ತಾಯಿತು. ಒಳಗೆ ಕರೆದೊಯ್ಯುವ ಮೊದಲು ಇವರು ಆಸ್ಪತ್ರೆಯ ನಿಲುವಂಗಿಯಲ್ಲಿ ಮಲಗಿದ್ದರು. ಅದಕ್ಕೆ ಜೇಬೇ ಇಲ್ಲ. "ಏನಾದ್ರೂ ಹೇಳೇ" ಅಂದರು. "ಬರ್ಕೊಳ್ಳಲ್ಲ."

ಇಷ್ಟು ವರ್ಷ ಈ ಒಂದು ಮಾತಿಗೆ ಕಾದಿದ್ದೆ. ಈಗ ನೋಡಿದರೆ ನಾಲಿಗೆಯ ಮೇಲೆ ಏನೂ ಇಲ್ಲ. ಇವರ ಹೊದಿಕೆ ಸರಿ ಮಾಡಿದೆ. ಬಾಗಿಲು ಮುಚ್ಚಿತು.

ಹೊರಗೆ ನಾನು ನಡೆದೆ. ಈ ಕಿಟಕಿಯಿಂದ ಆ ನೀರಿನ ಯಂತ್ರದವರೆಗೆ, ಅಲ್ಲಿಂದ ಕಿಟಕಿಗೆ. ಕುರ್ಚಿಗಳು ಸಾಲಾಗಿ ಖಾಲಿಯಿದ್ದವು, ಕೂರಲು ಮೈ ಒಪ್ಪಲಿಲ್ಲ. ಒಬ್ಬ ನರ್ಸ್, ನನ್ನ ಮಗಳಿಗಿಂತ ಚಿಕ್ಕವಳು, ಎರಡು ಸಲ ನನ್ನನ್ನು ದಾಟಿ ಹೋದಳು. ಮೂರನೇ ಸಲ ಬಂದು ನನ್ನ ತೋಳು ಹಿಡಿದಳು.

"ಅಮ್ಮಾ, ಮೊದ್ಲು ಕೂತ್ಕೊಳ್ಳಿ. ನೀವು ಕೂತ್ರೆ ಪ್ರಪಂಚ ಏನೂ ನಿಂತುಹೋಗಲ್ಲ."

ಅವಳು ನಗುತ್ತಿರಲಿಲ್ಲ. "ಆ ಧಾರಾವಾಹಿ ನೋಡ್ತೀಯೇನಮ್ಮ?" ಅಂದೆ.

"ಯಾವ ಧಾರಾವಾಹಿ? ಇದು ನಮ್ಮಜ್ಜಿ ಹೇಳೋ ಮಾತು" ಅಂದಳು.

ಅದು ನಂದು ಕಣೇ ಅನ್ನಲು ಬಾಯಿ ತೆರೆದೆ. ಮುಚ್ಚಿದೆ. ಕೂತೆ. ಅವಳು ನೀರು ತಂದುಕೊಟ್ಟು ಹೋದಳು.

ತುಂಬ ಹೊತ್ತಿನ ಮೇಲೆ ಬಾಗಿಲು ತೆರೆದು ಡಾಕ್ಟರು ಬಂದರು. "ಗೆದ್ದುಬಿಟ್ರು ಮೇಡಂ. ಸಂಜೆ ಹೊತ್ತಿಗೆ ಕಣ್ಣು ಬಿಡ್ತಾರೆ" ಅಂದರು.

ಆಗ ಬಂತು ನೋಡಿ ನನಗೆ ಸಿಟ್ಟು. ಒದ್ದೆ ಟವೆಲು, ಬಿಟ್ಟ ನಲ್ಲಿ, ಮೇಜಿನ ಮೇಲಿನ ಮಾತ್ರೆ, ನಿಂತುಕೊಂಡು ಉಂಡ ಅನ್ನ, ಎಲ್ಲವೂ ಸಾಲುಗಟ್ಟಿ ನಾಲಿಗೆಯ ತುದಿಗೆ ಬಂದವು. ಕಣ್ಣೊರೆಸಿಕೊಂಡು ನೆಟ್ಟಗೆ ಕೂತೆ. ಕಣ್ಣು ಬಿಡಲಿ, ಇದೆ ಇವರಿಗೆ.